ಮರೆತುಬಿಡು ಅನ್ನುವ ಮದ್ದು

ನಮ್ಮ ದೊಡ್ಡಪ್ಪ ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. ತೋಟಕ್ಕೆ ಹೋಗುವಾಗ ಎಷ್ಟೇ ಸುತ್ತಾದರೂ ಸರಿ, ದನಗಳು ನಡೆದು ನಡೆದು ಸವೆದ ಕಾಲುದಾರಿಯಲ್ಲೇ ಹೋಗುತ್ತಿದ್ದರು. ನಾವು ಹುಡುಗರು "ದೊಡ್ಡಪ್ಪಂಗೆ ಹಾವಿನ ಭಯ" ಅಂತ ಹಿಂದಿನಿಂದ ನಗುತ್ತಿದ್ದೆವು. ಮಿಲಿಟ್ರಿಯಲ್ಲಿ ಇದ್ದವರಿಗೆ ಹಾವಿನ ಭಯವಾ ಅಂತ ಇನ್ನಷ್ಟು ನಗು.

ಅವರು 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದರು. ನೆಲದಲ್ಲಿ ಹೂತಿಟ್ಟ ಮೈನುಗಳನ್ನು ಹುಡುಕಿ ತೆಗೆದು, ಹಿಂದೆ ಬರುವವರಿಗೆ ದಾರಿ ಮಾಡಿಕೊಡುವ ಕೆಲಸ. ಇದು ನನಗೆ ಗೊತ್ತಾಗಿದ್ದು 2009ರಲ್ಲಿ, ಅವರು ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಅದು ಹಾವಿನ ಭಯವೇ ಆಗಿತ್ತು.

ಒಂದೇ ಒಂದು ಸಲ ಅವರು ಹೇಳಲು ಹೊರಟಿದ್ದರು. ನಾನಾಗ ಆರನೇ ಕ್ಲಾಸು. ದೀಪಾವಳಿ. ಹೊರಗೆ ಪಟಾಕಿ ಶುರುವಾದ ಕೂಡಲೇ ಎಂದಿನಂತೆ ಒಳಕೋಣೆಗೆ ಹೋಗಿ ಕೂತಿದ್ದರು. ಬೆಂಕಿಪೊಟ್ಟಣ ಹುಡುಕುತ್ತಾ ನಾನು ಅಲ್ಲಿಗೆ ಹೋದೆ. "ಅವತ್ತು ಬೆಳಗಿನ ಜಾವ ಸಿಕ್ಕಾಪಟ್ಟೆ ಮಂಜು ಕಣೋ..." ಅಂದರು. ಬಾಗಿಲಲ್ಲಿ ಅಜ್ಜಿ ನಿಂತಿದ್ದರು. "ಅದೆಲ್ಲಾ ಮಗೀನ್ ಹತ್ರ ಯಾಕಪ್ಪಾ? ಆಗಿದ್ದು ಆಗೋಯ್ತು. ಮರ್ತುಬಿಡು" ಅಂದರು. ದೊಡ್ಡಪ್ಪ ಸುಮ್ಮನಾದರು. ನಾನು ಬೆಂಕಿಪೊಟ್ಟಣ ಸಿಕ್ಕಿದ ಖುಷಿಯಲ್ಲಿ ಹೊರಗೆ ಓಡಿದೆ.

ಅಜ್ಜಿ ಕೆಟ್ಟವರಲ್ಲ. ತಮ್ಮ ಹತ್ತಿರ ಇದ್ದ ಒಳ್ಳೆಯ ಮದ್ದನ್ನೇ ಮಗನಿಗೆ ಕೊಟ್ಟರು. ಆದರೆ ಈ ಮದ್ದಿಗೂ ಒಂದು ಇತಿಹಾಸ ಇದೆ, ಇದು ಕೆಲಸ ಮಾಡುತ್ತದೋ ಇಲ್ಲವೋ ಅಂತ ಡಾಕ್ಟರುಗಳೇ ನೂರು ವರ್ಷಕ್ಕೂ ಹಿಂದೆ ಜಗಳವಾಡಿದ್ದಾರೆ ಅನ್ನುವುದು ನನಗೆ ಗೊತ್ತಾಗಿದ್ದು ಕೆಲವು ವರ್ಷಗಳಿಂದ ಮನಸ್ಸಿನ ಆಘಾತದ ಬಗ್ಗೆ ಓದುತ್ತಾ ಬಂದ ಮೇಲೆ. ಓದಿದ್ದರಲ್ಲಿ ಸ್ವಲ್ಪವನ್ನು ಇಲ್ಲಿ ಬರೆದಿಡೋಣ ಅನ್ನಿಸಿತು.

*

ಮೊದಲು ಒಂದು ರೈಲಿನ ಕಥೆ.

1865ರ ಜೂನ್ 9. ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ಸೇತುವೆಯ ಮೇಲೆ ರೈಲು ಹಳಿ ತಪ್ಪಿತು. ಹತ್ತು ಜನ ಸತ್ತರು. ಆ ರೈಲಿನಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಇದ್ದ. ಅವನ ಡಬ್ಬಿ ಕೆಳಗೆ ಬೀಳಲಿಲ್ಲ, ಅವನಿಗೆ ಪೆಟ್ಟೂ ಆಗಲಿಲ್ಲ. ಕೆಳಗಿಳಿದು ಗಾಯಗೊಂಡವರಿಗೆ ನೀರು ಕೊಟ್ಟು ಉಪಚರಿಸಿದ. ಬರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿ ಡಬ್ಬಿಯಲ್ಲೇ ಉಳಿದಿತ್ತು, ವಾಪಸ್ ಹತ್ತಿ ಅದನ್ನೂ ತಂದ. ಎಲ್ಲಾ ಸರಿಯಾಗೇ ಇತ್ತು ಅನ್ನಿ. ಆದರೆ ಆಮೇಲೆ ರೈಲು ಹತ್ತಿದರೆ ಅವನಿಗೆ ನಡುಕ ಬರುತ್ತಿತ್ತು. ಕೊನೆಯವರೆಗೂ ಆ ಭಯ ಹೋಗಲಿಲ್ಲ. ಕಾಕತಾಳೀಯವೋ ಏನೋ, ಸರಿಯಾಗಿ ಐದು ವರ್ಷದ ನಂತರ ಅದೇ ಜೂನ್ 9ರಂದು ಡಿಕನ್ಸ್ ತೀರಿಕೊಂಡ.

ಆಗಿನ ಡಾಕ್ಟರುಗಳಿಗೆ ಇದು ಒಗಟಾಗಿತ್ತು. ಅಪಘಾತದಲ್ಲಿ ಮೈಮೇಲೆ ಗಾಯವಿಲ್ಲ, ಆದರೂ ನಿದ್ದೆಯಿಲ್ಲ, ನಡುಕ, ಮರೆವು. 1866ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಎರಿಕ್ ಎರಿಕ್ಸನ್ ಇದರ ಬಗ್ಗೆ ಪುಸ್ತಕ ಬರೆದ. ಬೆನ್ನುಹುರಿಗೆ ಕಣ್ಣಿಗೆ ಕಾಣದ ಪೆಟ್ಟು ಬಿದ್ದಿರಬೇಕು ಅನ್ನುವುದು ಅವನ ಊಹೆ. ಜನ ಇದನ್ನು 'ರೈಲ್ವೇ ಸ್ಪೈನ್' ಅಂತ ಕರೆದರು. ರೈಲ್ವೇ ಕಂಪನಿಗಳು ಪರಿಹಾರದ ದುಡ್ಡಿಗಾಗಿ ನಾಟಕ ಅಂದವು. ನೋಡಿ, ಶುರುವಿನಲ್ಲೇ ಎರಡು ಪಕ್ಷ. ಒಂದು, ಇದು ದೇಹದ ಪೆಟ್ಟು. ಇನ್ನೊಂದು, ಇದು ಸುಳ್ಳು. ನೋಡಿದ್ದೇ, ಅನುಭವಿಸಿದ್ದೇ ಒಂದು ಪೆಟ್ಟಾಗಿರಬಹುದು ಅಂತ ಹೇಳುವುದಕ್ಕೆ ಇನ್ನೂ ಭಾಷೆಯೇ ಇರಲಿಲ್ಲ.

*

ಐವತ್ತು ವರ್ಷದ ನಂತರ ಅದೇ ಒಗಟು ಸಾವಿರಗಟ್ಟಲೆ ಸೈನಿಕರಾಗಿ ಬಂದು ನಿಂತಿತು.

ಮೊದಲನೇ ಮಹಾಯುದ್ಧ. ಕಂದಕಗಳಲ್ಲಿ ವಾರಗಟ್ಟಲೆ ಕೂತವರ ಮೇಲೆ ಶೆಲ್ಲುಗಳ ಮಳೆ. ಗಾಯವಿಲ್ಲದ ಗಂಡಸರು ಮೂಗರಾದರು, ಕುರುಡರಾದರು, ನಡೆಯಲಾರದಾದರು, ನಿಲ್ಲದೆ ನಡುಗಿದರು. ಚಾರ್ಲ್ಸ್ ಮೈಯರ್ಸ್ ಎಂಬ ಮನೋವಿಜ್ಞಾನಿ 1915ರ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥ ಮೂವರ ಬಗ್ಗೆ ಬರೆದ. ಅಲ್ಲಿಂದ 'ಶೆಲ್ ಶಾಕ್' ಅನ್ನುವ ಮಾತು ವೈದ್ಯರ ಭಾಷೆಗೆ ಬಂತು. ಶೆಲ್ಲಿನ ಹತ್ತಿರವೇ ಸುಳಿಯದವರಿಗೂ ಇದು ಬರುತ್ತಿದೆ ಅಂತ ಗೊತ್ತಾದ ಮೇಲೆ ಮೈಯರ್ಸ್‌ಗೇ ಆ ಹೆಸರು ಬೇಡವಾಯಿತು. ಆದರೆ ಹೆಸರು ಅಂಟಿಕೊಂಡುಬಿಟ್ಟಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೈನ್ಯವೊಂದರಲ್ಲೇ ಸುಮಾರು 80 ಸಾವಿರ ಜನ ಈ ಪಟ್ಟಿಯಲ್ಲಿದ್ದರು.

ಪಟ್ಟಿಗೆ ಸೇರದೇ ಹೋದವರೂ ಇದ್ದರು. ಓಡಿಹೋದರು, ಹೇಡಿತನ ತೋರಿಸಿದರು ಇತ್ಯಾದಿ ಆರೋಪದ ಮೇಲೆ ಬ್ರಿಟಿಷ್ ಸೈನ್ಯ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತು. ಅಂಥ 306 ಜನರಿಗೆ ಬ್ರಿಟನ್ ಕ್ಷಮೆ ಕೊಟ್ಟಿದ್ದು 2006ರಲ್ಲಿ. ಅವರಲ್ಲಿ ಎಷ್ಟು ಜನ ನಿಜಕ್ಕೂ ಹೇಡಿಗಳು, ಎಷ್ಟು ಜನರ ಮನಸ್ಸು ಕುಸಿದಿತ್ತು, ಈಗ ಯಾರು ಹೇಳಬೇಕು?

ಬದುಕಿ ಆಸ್ಪತ್ರೆ ಸೇರಿದವರಿಗೆ ಎರಡು ಬಗೆಯ ಚಿಕಿತ್ಸೆ ಕಾದಿತ್ತು. ಎರಡನ್ನೂ ಇಬ್ಬರು ಡಾಕ್ಟರುಗಳ ಮೂಲಕ ಹೇಳುತ್ತೇನೆ.

ಒಬ್ಬ ಲೂಯಿಸ್ ಯೆಲ್ಯಾಂಡ್, ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯವನು. 1918ರಲ್ಲಿ ತಾನೇ ಬರೆದ ಪುಸ್ತಕದಲ್ಲಿ ಒಬ್ಬ 24 ವರ್ಷದ ಸೈನಿಕನ ವಿಷಯ ಹೇಳುತ್ತಾನೆ. ಅವನಿಗೆ ಒಂಬತ್ತು ತಿಂಗಳಿಂದ ಮಾತಿಲ್ಲ. ಹಿಂದಿನವರು ನಾಲಿಗೆಗೆ ಉರಿಯುವ ಸಿಗರೇಟು ತಾಗಿಸಿ ನೋಡಿದ್ದರು. ಯೆಲ್ಯಾಂಡ್ ಅವನನ್ನು ಕತ್ತಲೆ ಕೋಣೆಗೆ ಕರೆದೊಯ್ದು ಬೀಗ ಹಾಕಿದ. ಮಾತು ಬರುವವರೆಗೂ ಇಲ್ಲಿಂದ ಹೊರಗೆ ಹೋಗುವ ಹಾಗಿಲ್ಲ ಅಂತ ತಿಳಿಸಿ, ಗಂಟಲಿಗೆ ಕರೆಂಟ್ ಕೊಡತೊಡಗಿದ. ಗಂಟೆಗಟ್ಟಲೆ. ಕೊನೆಗೆ ಅವನು ಮಾತಾಡಿದ. ಪುಸ್ತಕದ ಪ್ರಕಾರ ರೋಗ ವಾಸಿ. ಆ ಹುಡುಗ ಏನೇನು ಯುದ್ಧ ನೋಡಿದ್ದ ಅನ್ನುವ ಪಟ್ಟಿ ಅಲ್ಲಿದೆ. ಆದರೆ ಅಲ್ಲಿ ಏನು ಕಂಡೆಯಪ್ಪಾ ಅಂತ ಕೇಳಿದ ಮಾತಿಲ್ಲ.

ಇನ್ನೊಬ್ಬ ಡಬ್ಲ್ಯೂ. ಎಚ್. ಆರ್. ರಿವರ್ಸ್. ಈತನ ಹೆಸರನ್ನು ನಾನು ಮೊದಲು ನೋಡಿದ್ದು ಬೇರೆ ಕಡೆ, ನೀಲಗಿರಿಯ ತೋಡರ ಬಗ್ಗೆ ಓದುವಾಗ. 1901-02ರಲ್ಲಿ ನಮ್ಮ ಗುಂಡ್ಲುಪೇಟೆಯ ಆಚೆಗಿನ ಅದೇ ನೀಲಗಿರಿಯಲ್ಲಿ ತಿಂಗಳುಗಟ್ಟಲೆ ಇದ್ದು, ತೋಡರ ಮನೆಮನೆಯ ವಂಶಾವಳಿ ಕೇಳಿ ಬರೆದುಕೊಂಡು, 1906ರಲ್ಲಿ 'ದಿ ತೋಡಾಸ್' ಅನ್ನುವ ದಪ್ಪ ಪುಸ್ತಕ ತಂದವನು. ಯಾರ ಅಪ್ಪ ಯಾರು, ಯಾರ ಮನೆಗೆ ಯಾವ ಹೆಣ್ಣು ಬಂದಳು, ಇದನ್ನೇ ತಾಳ್ಮೆಯಿಂದ ಒಬ್ಬೊಬ್ಬರ ಹತ್ತಿರ ಕೇಳುವುದು ಅವನ ವಿಧಾನ. ಯುದ್ಧ ಬಂದಾಗ ಅದೇ ಮನುಷ್ಯ ಸೈನ್ಯದ ಡಾಕ್ಟರಾಗಿ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಹೋದ. ಕವಿಗಳಾದ ಸಿಗ್‌ಫ್ರೀಡ್ ಸಸೂನ್ ಮತ್ತು ವಿಲ್‌ಫ್ರೆಡ್ ಓವೆನ್ 1917ರಲ್ಲಿ ಇದ್ದದ್ದು ಇಲ್ಲೇ. ಸಸೂನ್ ರಿವರ್ಸ್‌ನ ರೋಗಿ. ಓವೆನ್‌ನನ್ನು ನೋಡಿಕೊಂಡವನು ಆರ್ಥರ್ ಬ್ರಾಕ್ ಎಂಬ ಇನ್ನೊಬ್ಬ ಡಾಕ್ಟರು.

ಬೆಟ್ಟದ ಮೇಲೆ ಕಲಿತ ಕೇಳುವ ಅಭ್ಯಾಸವೇ ಆಸ್ಪತ್ರೆಯಲ್ಲೂ ಅವನ ಕೈ ಹಿಡಿಯಿತು ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ, ಅವನು ಹೇಳಿದ್ದಲ್ಲ.

1917ರ ಡಿಸೆಂಬರಿನಲ್ಲಿ ರಿವರ್ಸ್ ವೈದ್ಯರ ಸಭೆಯೊಂದರಲ್ಲಿ ಒಂದು ಉಪನ್ಯಾಸ ಕೊಟ್ಟ. ಯುದ್ಧದ ಅನುಭವವನ್ನು ಅದುಮಿಡುವುದರ ಬಗ್ಗೆ. ಮುಂದಿನ ಫೆಬ್ರವರಿಯಲ್ಲಿ ಅದು 'ಲ್ಯಾನ್ಸೆಟ್'ನಲ್ಲಿ ಅಚ್ಚಾಯಿತು. ಅದರಲ್ಲಿ ಅವನು ಹೇಳಿದ್ದು ಹೆಚ್ಚುಕಡಿಮೆ ಇಷ್ಟು: ಈ ಸೈನಿಕರಿಗೆ ಮನೆಯವರು, ಸ್ನೇಹಿತರು, ಡಾಕ್ಟರುಗಳು, ಎಲ್ಲರೂ ಕೊಡುವ ಸಲಹೆ ಒಂದೇ, ಅದನ್ನು ಮರೆತುಬಿಡು, ಯೋಚಿಸಬೇಡ, ಒಳ್ಳೆಯದನ್ನು ನೆನೆಸಿಕೋ ಅಂತ. ಇವರು ಹಗಲೆಲ್ಲಾ ಕಷ್ಟಪಟ್ಟು ಹಾಗೇ ಮಾಡುತ್ತಾರೆ. ರಾತ್ರಿ ಅದು ಇಮ್ಮಡಿಯಾಗಿ ಬರುತ್ತದೆ. ಹಾಗಾದರೆ ಕಾಯಿಲೆಯನ್ನು ಹೆಚ್ಚು ಮಾಡುತ್ತಿರುವುದು ಆ ಅನುಭವ ಮಾತ್ರವಲ್ಲ, ಮರೆಯುವ ಆ ಪ್ರಯತ್ನವೂ ಹೌದು.

ಇದನ್ನು ಓದಿದಾಗ ನನಗೆ ಆ ಬಾಗಿಲಲ್ಲಿ ನಿಂತ ಅಜ್ಜಿ ನೆನಪಾದರು.

ಅವನು ಕೊಟ್ಟ ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಅಧಿಕಾರಿ ತನ್ನ ಜೊತೆಯವನನ್ನು ಹುಡುಕಿಕೊಂಡು ಹೋದಾಗ ಅವನ ದೇಹ ತುಂಡುತುಂಡಾಗಿ ಬಿದ್ದಿರುವುದನ್ನು ಕಂಡ. ಅಂದಿನಿಂದ ದಿನಾ ರಾತ್ರಿ ಕನಸಿನಲ್ಲಿ ಆ ಸ್ನೇಹಿತ ಬರುತ್ತಿದ್ದ, ಅದೇ ರೂಪದಲ್ಲಿ. ರಿವರ್ಸ್ ಅವನ ಜೊತೆ ಆ ದೃಶ್ಯದ ಬಗ್ಗೆಯೇ ಮಾತಾಡಿದ. ದೇಹ ಆ ಸ್ಥಿತಿಯಲ್ಲಿತ್ತು ಅಂದರೆ ನಿಮ್ಮ ಸ್ನೇಹಿತ ಒಂದು ಕ್ಷಣವೂ ನರಳದೆ ಹೋಗಿರಬೇಕು ಅಂತ ತೋರಿಸಿಕೊಟ್ಟ. ಅಧಿಕಾರಿಗೆ ಇದು ಹೊಳೆದಿರಲೇ ಇಲ್ಲ. ಯಾಕೆಂದರೆ ಅವನು ಆ ಚಿತ್ರವನ್ನು ಪೂರ್ತಿ ನೋಡಲು ತನಗೆ ತಾನೇ ಬಿಟ್ಟಿರಲಿಲ್ಲ. ಕೆಲವು ರಾತ್ರಿ ಕನಸು ಬೀಳಲಿಲ್ಲ. ಆಮೇಲೆ ಬಿದ್ದ ಕನಸಿನಲ್ಲಿ ದೇಹ ಹಾಗೇ ಇತ್ತು, ಹೆದರಿಕೆ ಇರಲಿಲ್ಲ. ದುಃಖ ಇತ್ತು.

ಹೆದರಿಕೆ ಹೋಗಿ ದುಃಖ ಬರುವುದು. ವಾಸಿಯಾಗುವುದು ಅಂದರೆ ಇದೇ ಇರಬೇಕು ಅಂತ ನನಗೆ ಆವತ್ತು ಅನ್ನಿಸಿತು. ನೋವೇ ಇಲ್ಲದಂತಾಗುವುದಲ್ಲ.

ರಿವರ್ಸ್‌ನ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಮಾತ್ರ ಅವನ ಸೋಲಿನ ಉದಾಹರಣೆಯಿಂದ. ಇನ್ನೊಬ್ಬ ಅಧಿಕಾರಿ ಸ್ಫೋಟಕ್ಕೆ ಎಗರಿ, ಕೊಳೆತ ಜರ್ಮನ್ ಹೆಣದ ಹೊಟ್ಟೆಯ ಮೇಲೆ ಮುಖ ಹಾಕಿ ಬಿದ್ದಿದ್ದ. ಆ ನೆನಪಿನಲ್ಲಿ ಹಿಡಿದುಕೊಳ್ಳುವುದಕ್ಕೆ ಒಳ್ಳೆಯದೆನ್ನುವುದು ಒಂದು ಎಳೆಯೂ ಇರಲಿಲ್ಲ. ಇಲ್ಲಿ ನನ್ನ ವಿಧಾನ ನಡೆಯಲಿಲ್ಲ ಅಂತ ರಿವರ್ಸ್ ಒಪ್ಪಿಕೊಳ್ಳುತ್ತಾನೆ. ಆ ಮನುಷ್ಯನಿಗೆ ಹಳ್ಳಿಗಾಡಿನಲ್ಲಿ, ಯುದ್ಧದ ಸುದ್ದಿಯಿಲ್ಲದ ಕಡೆ ಇದ್ದಾಗ ಸ್ವಲ್ಪ ಹಿತವಾಗಿತ್ತು. ಅಂದರೆ ಹೇಳಿಸುವುದೇ ಎಲ್ಲರಿಗೂ ಮದ್ದು ಅಂತ ಅವನೂ ಹೇಳಲಿಲ್ಲ. ಮೂರುಹೊತ್ತೂ ಅದನ್ನೇ ಮೆಲುಕು ಹಾಕುತ್ತಾ ಕೂರುವುದೂ ಒಳ್ಳೆಯದಲ್ಲ ಅಂತ ಎಚ್ಚರಿಸಿದ್ದಾನೆ.

ಇಲ್ಲಿ ಮರೆಯಬಾರದ ಎರಡು ಮಾತಿದೆ. ಕ್ರೇಗ್‌ಲಾಕ್‌ಹಾರ್ಟ್ ಇದ್ದದ್ದು ಅಧಿಕಾರಿಗಳಿಗೆ ಮಾತ್ರ. ಯೆಲ್ಯಾಂಡ್‌ನ ಕೋಣೆಯಲ್ಲಿ ಇದ್ದವನು ಸಾಮಾನ್ಯ ಸಿಪಾಯಿ. ಯಾರ ಮಾತನ್ನು ಕೂತು ಕೇಳಬೇಕು, ಯಾರಿಗೆ ಕರೆಂಟ್ ಕೊಟ್ಟರೆ ಸಾಕು ಅನ್ನುವುದು ಅಂತಸ್ತಿನ ಮೇಲೂ ನಿಂತಿತ್ತು. ಎರಡನೆಯದು, ರಿವರ್ಸ್ ವಾಸಿ ಮಾಡುತ್ತಿದ್ದುದು ಮತ್ತೆ ಯುದ್ಧಕ್ಕೆ ಕಳಿಸುವುದಕ್ಕೆ. ಓವೆನ್ ವಾಪಸ್ ಹೋದ, 1918ರ ನವೆಂಬರ್ 4ರಂದು ಸತ್ತ. ಯುದ್ಧ ಮುಗಿಯಲು ಒಂದು ವಾರ ಬಾಕಿ ಇತ್ತು.

*

ಇಷ್ಟೆಲ್ಲಾ ಕಲಿತ ಮೇಲೆ ಏನಾಯಿತು? ಮರೆತುಬಿಟ್ಟರು!

ರಿವರ್ಸ್ 1922ರಲ್ಲಿ ತೀರಿಕೊಂಡ. ಅದೇ ವರ್ಷ ಬ್ರಿಟಿಷ್ ಯುದ್ಧ ಇಲಾಖೆಯ ಸಮಿತಿ ಶೆಲ್ ಶಾಕ್ ಅನ್ನುವ ಹೆಸರನ್ನೇ ಬಳಸುವುದು ಬೇಡ ಅಂದಿತು. 1941ರಲ್ಲಿ ಅಮೆರಿಕದ ಅಬ್ರಾಮ್ ಕಾರ್ಡಿನರ್, ಮೊದಲ ಯುದ್ಧದಿಂದ ಬಂದವರನ್ನು ನೋಡಿ ಇದೇ ಲಕ್ಷಣಗಳನ್ನು ಮತ್ತೆ ಬರೆದ. ಎರಡನೇ ಯುದ್ಧ ಮುಗಿದ ಮೇಲೆ ಅದೂ ಮೂಲೆ ಸೇರಿತು. ಮನುಷ್ಯನಿಗೆ ಮರೆತುಬಿಡು ಅಂತ ಹೇಳುವ ಸಮಾಜ ತಾನೂ ಅದನ್ನೇ ಮಾಡುತ್ತದೆ.

ಮತ್ತೆ ನೆನಪಿಸಿದವರು ಡಾಕ್ಟರುಗಳಲ್ಲ, ಅನುಭವಿಸಿದವರು. 1970ರಲ್ಲಿ ನ್ಯೂಯಾರ್ಕಿನಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿ, ಅದೇ ಯುದ್ಧವನ್ನು ವಿರೋಧಿಸುತ್ತಿದ್ದ ಸೈನಿಕರು ತಾವೇ ಗುಂಪು ಕೂತು ಮಾತಾಡತೊಡಗಿದರು. ಚೈಮ್ ಶಟಾನ್, ರಾಬರ್ಟ್ ಜೇ ಲಿಫ್ಟನ್ ಎಂಬ ಇಬ್ಬರು ಮನೋವೈದ್ಯರು ಅಲ್ಲಿಗೆ ಹೋಗಿ ಜೊತೆಗೆ ಕೂತರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಹೆಂಗಸರು ಕೂಡ ಒಟ್ಟಿಗೆ ಕೂತು, ಮನೆಯೊಳಗೆ ಹೊರಗೆ ತಮಗಾದದ್ದನ್ನು ಬಾಯಿಬಿಟ್ಟು ಹೇಳತೊಡಗಿದ್ದರು. ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಆ್ಯನ್ ಬರ್ಜೆಸ್ ಎಂಬ ನರ್ಸ್ ಮತ್ತು ಲಿಂಡಾ ಹೋಮ್‌ಸ್ಟ್ರಮ್ ಎಂಬ ಸಮಾಜವಿಜ್ಞಾನಿ ಅತ್ಯಾಚಾರಕ್ಕೊಳಗಾದ ಹೆಂಗಸರನ್ನು ಮಾತಾಡಿಸಿ 1974ರಲ್ಲಿ ಲೇಖನ ಬರೆದರು. ನಿದ್ದೆಯಿಲ್ಲ, ಬೆಚ್ಚಿಬೀಳುವುದು, ಕೆಟ್ಟ ಕನಸು. ಯುದ್ಧದಿಂದ ಬಂದವರಲ್ಲಿ ಕಂಡಿದ್ದೇ ಇಲ್ಲೂ.

ಕೊನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಈಗ ಎಲ್ಲರೂ ಪಿಟಿಎಸ್‌ಡಿ ಅನ್ನುವ ಹೆಸರು ಸೇರಿತು. ಡಿಕನ್ಸ್‌ನ ರೈಲಿನಿಂದ ಇಲ್ಲಿಗೆ 115 ವರ್ಷ.

ಈ ಎಲ್ಲ ಎಳೆಗಳನ್ನು ಒಟ್ಟಿಗೆ ಹೆಣೆದವರು ಜುಡಿತ್ ಹರ್ಮನ್, 1992ರ 'ಟ್ರಾಮಾ ಅಂಡ್ ರಿಕವರಿ' ಪುಸ್ತಕದಲ್ಲಿ. ಚೇತರಿಕೆಗೆ ಅವರು ಮೂರು ಹಂತ ಹೇಳುತ್ತಾರೆ. ಮೊದಲು ಸುರಕ್ಷಿತವಾಗಿದ್ದೇನೆ ಅನ್ನುವ ನೆಲೆ. ಆಮೇಲೆ ನೆನೆದು, ಹೇಳಿ, ಕಳಕೊಂಡಿದ್ದಕ್ಕೆ ಅಳುವುದು. ಆಮೇಲೆ ಮತ್ತೆ ಜನರ ಜೊತೆ, ದಿನನಿತ್ಯದ ಬದುಕಿನ ಜೊತೆ ಸೇರುವುದು. ಈ ಸಾಲನ್ನು ಗಮನಿಸಿ. ಹೇಳುವುದು ಎರಡನೆಯದು. ಮೊದಲನೆಯದಲ್ಲ.

ಇದು ಯಾಕೆ ಮುಖ್ಯ ಅಂದರೆ, ಆಮೇಲೆ ಜನ ಇನ್ನೊಂದು ತುದಿಗೆ ಹೋಗಿಬಿಟ್ಟರು. 1980ರ ದಶಕದಿಂದ, ಯಾವುದೇ ಅನಾಹುತ ಆದ ಕೂಡಲೇ ಬದುಕುಳಿದವರನ್ನೆಲ್ಲಾ ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಬಂತು. ಡೀಬ್ರೀಫಿಂಗ್ ಅಂತ ಹೆಸರು. ನಂತರ ಪರೀಕ್ಷಿಸಿ ನೋಡಿದರೆ ಇದರಿಂದ ಲಾಭ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ಹೇಳಿಸಿದವರಲ್ಲಿ ಶೇಕಡಾ 26 ಜನರಿಗೆ ಹದಿಮೂರು ತಿಂಗಳ ನಂತರ ಪಿಟಿಎಸ್‌ಡಿ ಇತ್ತು. ಹೇಳಿಸದೆ ಬಿಟ್ಟವರಲ್ಲಿ ಶೇಕಡಾ 9. ಗಾಯ ಹಸಿಯಾಗಿರುವಾಗ ಕೆದಕಿದ ಹಾಗೆ. ಈಗ ಅಂಥ ಹೊತ್ತಿನಲ್ಲಿ ಮಾಡಬೇಕಾದ್ದು ಅಂತ ಹೇಳುವುದು ಬಹಳ ಸರಳ: ಸುರಕ್ಷಿತ ಜಾಗ, ನೀರು, ಊಟ, ಮನೆಯವರನ್ನು ಹುಡುಕಿಕೊಡುವುದು, ಅವರಾಗಿ ಮಾತಾಡಿದರೆ ಕೇಳುವುದು, ಒತ್ತಾಯ ಮಾಡದೇ ಇರುವುದು. ಹೆಚ್ಚಿನವರು ಇಷ್ಟರಿಂದಲೇ ನಿಧಾನಕ್ಕೆ ಸುಧಾರಿಸಿಕೊಳ್ಳುತ್ತಾರೆ. ಸುಧಾರಿಸಿಕೊಳ್ಳದವರಿಗೆ, ತರಬೇತಿ ಪಡೆದವರ ಜೊತೆ ಹಂತಹಂತವಾಗಿ ಆ ನೆನಪನ್ನು ಎದುರಿಸುವ ಚಿಕಿತ್ಸೆಗಳಿವೆ, ಅವುಗಳಿಂದ ಗುಣವಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರವೂ ಇದೆ.

*

ಇದೆಲ್ಲಾ ದೂರದ ದೇಶದ ಮಾತು ಅನ್ನಬೇಡಿ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತರಷ್ಟು ಜನ ಸತ್ತರು, ಹೆಚ್ಚಿನವರು ಮಕ್ಕಳು. ಆಗ ನಿಮ್ಹಾನ್ಸ್‌ನವರು ಮಕ್ಕಳನ್ನು, ಮನೆಯವರನ್ನು ಕಳಕೊಂಡವರ ದುಃಖವನ್ನು ಅಧ್ಯಯನ ಮಾಡಿದರು. 1984ರ ಭೋಪಾಲ್ ಅನಿಲ ದುರಂತದ ನಂತರ ಅಲ್ಲಿನ ಸಾಮಾನ್ಯ ಡಾಕ್ಟರುಗಳಿಗೆ ಮನಸ್ಸಿನ ಗಾಯವನ್ನೂ ನೋಡುವ ತರಬೇತಿ ಕೊಟ್ಟವರಲ್ಲಿ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಇದ್ದರು. ಮನೋವೈದ್ಯರು ಎಲ್ಲಾ ಕಡೆ ಸಿಗುವುದಿಲ್ಲ, ಇರುವ ಡಾಕ್ಟರಿಗೇ ಕೇಳಲು ಕಲಿಸೋಣ ಅನ್ನುವ ಆಲೋಚನೆ ನಮ್ಮ ಊರಿನಿಂದಲೇ ಹೋಗಿತ್ತು.

ಆದರೆ ಅದು ನಮ್ಮ ಮನೆಯ ಒಳಕೋಣೆಯವರೆಗೆ ಬರಲಿಲ್ಲ.

ಇಷ್ಟೆಲ್ಲಾ ಓದಿದ ಮೇಲೆ ಕಳೆದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಮ್ಮನನ್ನು ಕೇಳಿದೆ. ಅವರಿಗೆ ಈಗ ಎಂಬತ್ತರ ಹತ್ತಿರ. "ದೊಡ್ಡಪ್ಪ ನಿಮ್ಮ ಹತ್ರನಾದ್ರೂ ಯಾವತ್ತಾದ್ರೂ ಯುದ್ಧದ್ ವಿಷ್ಯ ಹೇಳಿದ್ರಾ?"

ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಹೂಂ. ಒಂದ್ಸಲ ಹೇಳಿದ್ರು. ನಮ್ಮ ಮಗಳ ಮದುವೆ ಮುಗಿಸ್ಕೊಂಡು ಬಂದ ರಾತ್ರಿ. ಇವರು ತೆಗೆದು ಮಾಡಿದ್ ದಾರೀಲೇ ಇವರ ಜೊತೆಯವನು ಹೋದ್ನಂತೆ. ಎರಡು ಹೆಜ್ಜೆ ಪಕ್ಕಕ್ಕೆ ಇಟ್ನಂತೆ. ಅವನಿಗೂ ಒಂದು ಹೆಣ್ಣುಮಗು ಇತ್ತಂತೆ."

"ನೀವೇನಂದ್ರಿ?"

"ನಾನೇನನ್ಲಿ? ನಂಗೇನು ಗೊತ್ತು? ಕೂತ್ಕೊಂಡಿದ್ದೆ ಅಷ್ಟೆ. ಬೆಳಗಾಗೋವರ್ಗೂ ಅತ್ರು. ಆಮೇಲೆ ನಿದ್ದೇಲಿ ಕೂಗೋದು ಕಮ್ಮಿ ಆಯ್ತು."

ಪೂರ್ತಿ ಹೋಯಿತಾ ಅಂತ ಕೇಳಿದೆ. ಇಲ್ಲವಂತೆ. ಹುಲ್ಲಿನ ಮೇಲೆ ಕಾಲಿಡುವುದು ಕೊನೆಯವರೆಗೂ ಆಗಲಿಲ್ಲ.

ಮೂವತ್ತು ವರ್ಷ ಕಾದು, ಮಗಳನ್ನು ದಾಟಿಸಿದ ಮೇಲೆ, ತಮ್ಮ ಮನೆಯಲ್ಲಿ, ತಾವೇ ಆರಿಸಿಕೊಂಡ ರಾತ್ರಿ, ಹೆದರದೆ ಕೇಳಬಲ್ಲ ಒಬ್ಬರ ಹತ್ತಿರ ಅವರು ಹೇಳಿಕೊಂಡರು. ದೊಡ್ಡಮ್ಮ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ರಿವರ್ಸ್ ಹೆಸರು ಕೇಳಿದವರಲ್ಲ. ಮರೆತುಬಿಡಿ ಅನ್ನಲಿಲ್ಲ, ಅಷ್ಟೆ.

ನನ್ನ ಪಾಲಿಗೆ ಉಳಿದಿರುವುದು ಬೆಂಕಿಪೊಟ್ಟಣ ಹಿಡಿದು ಓಡಿದ ನೆನಪು. ಆರನೇ ಕ್ಲಾಸಿನ ಹುಡುಗನ ತಪ್ಪು ಅಂತ ಏನೂ ಇಲ್ಲ, ಗೊತ್ತು. ಆದರೆ ಆಮೇಲೆ ನಾನು ದೊಡ್ಡವನಾದೆ, ಅವರು ಬದುಕಿದ್ದರು. ಆ ಮಂಜಿನ ಬೆಳಗಿನ ಜಾವ ಏನಾಯಿತು ದೊಡ್ಡಪ್ಪ ಅಂತ ಒಂದು ದಿನವೂ ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಯುದ್ಧವೇ ಆಗಬೇಕಿಲ್ಲ. ಅಪಘಾತ, ಪ್ರವಾಹ, ಬಾಯಿಬಿಟ್ಟು ಹೇಳಲಾಗದ ಇನ್ನೇನೋ. ಒತ್ತಾಯ ಮಾಡಿ ಕೇಳಬೇಡಿ. ಅವರಾಗಿಯೇ ಶುರುಮಾಡಿದರೆ ಮಾತ್ರ ಎದ್ದು ಹೋಗಬೇಡಿ. ನಿದ್ದೆ ಊಟ ಬಿಟ್ಟು ಬದುಕೇ ಬೇಡ ಅನ್ನುವ ಸ್ಥಿತಿ ಇದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416, ಕನ್ನಡದಲ್ಲೂ ಮಾತಾಡುತ್ತಾರೆ.

ಈ ಸಲ ಊರಿನಿಂದ ಹೊರಡುವ ಮುಂಚೆ ತೋಟಕ್ಕೆ ಹೋಗಿದ್ದೆ. ಆ ಕಾಲುದಾರಿ ಇನ್ನೂ ಇದೆ. ಈಗ ಮನೆಯಲ್ಲಿ ದನ ಇಲ್ಲ, ಹಾಗಾಗಿ ಅರ್ಧ ದಾರಿಗೆ ಹುಲ್ಲು ಬೆಳೆದಿದೆ. ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದೆ.